ಸುಳ್ಳಿನಿಂದ ಸಿಗುವುದೆಷ್ಟು: ಡಿಸ್ನಿ ಪಾರ್ಕ್‌ಗಳ ಅಂಗವಿಕಲರ ಪಾಸ್ ಕುರಿತ ಪ್ರಕರಣ ಅಧ್ಯಯನ

2013ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯಲ್ಲಿ ಬಂದ ಒಂದು ವರದಿ ಅಮೆರಿಕದ ಉದ್ದಗಲಕ್ಕೂ ಸಿಟ್ಟೆಬ್ಬಿಸಿತು. ಮ್ಯಾನ್‌ಹಟನ್‌ನ ಕೆಲವು ಸಿರಿವಂತ ತಾಯಂದಿರು ಮಕ್ಕಳನ್ನು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯುವಾಗ ಅಂಗವಿಕಲರೊಬ್ಬರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಗೊತ್ತುಮಾಡಿಕೊಳ್ಳುತ್ತಾರೆ, ಅವರು ಮನೆಯವರಂತೆ ಜೊತೆಗಿದ್ದರೆ ಇಡೀ ಕುಟುಂಬ ಸರತಿ ಸಾಲು ತಪ್ಪಿಸಿಕೊಂಡು ಆಟ ಹತ್ತಬಹುದು ಎಂಬುದು ಅದರ ಸಾರ. ದರವನ್ನೂ ಬರೆದಿದ್ದರು: ಗಂಟೆಗೆ 130 ಡಾಲರ್, 8 ಗಂಟೆಯ ದಿನಕ್ಕೆ 1,040 ಡಾಲರ್. ಹೆಸರು ಹೇಳಿಕೊಳ್ಳದವರ ಮಾತನ್ನು ನೆಚ್ಚಿದ್ದ ವರದಿ ಅದು. ಇಂಥವರು ಎಷ್ಟು ಜನ ಇದ್ದಾರೆಂದು ಅದರಿಂದ ತಿಳಿಯುವಂತಿರಲಿಲ್ಲ. ಆದರೆ ಅದರ ಬೆನ್ನಿಗೇ ಎನ್‌ಬಿಸಿ ವಾಹಿನಿ ಗುಪ್ತ ಕ್ಯಾಮೆರಾ ಹಿಡಿದು ಹೊರಟಾಗ, ಇಂಥ ಸೇವೆಯನ್ನು ಅಂತರ್ಜಾಲದಲ್ಲಿ ಜಾಹೀರಾತು ಕೊಟ್ಟು ಮಾರುತ್ತಿದ್ದವರು ಸಿಕ್ಕಿಬಿದ್ದರು.

ವರದಿಯಲ್ಲಿದ್ದ ಇನ್ನೊಂದು ಅಂಕಿ ಸಿಟ್ಟಿನ ಗದ್ದಲದಲ್ಲಿ ಮರೆಯಾಯಿತು. ಡಿಸ್ನಿಯೇ ಅಧಿಕೃತವಾಗಿ ಒದಗಿಸುತ್ತಿದ್ದ ವಿಐಪಿ ಗೈಡ್ ಸೇವೆಗೆ ಆಗ ಗಂಟೆಗೆ 310ರಿಂದ 380 ಡಾಲರ್ ಇತ್ತು. ಅಂದರೆ ಸಾಲು ತಪ್ಪಿಸುವುದಕ್ಕೆ ಅಂಗಡಿ ಬೆಲೆಯೊಂದು ಮೊದಲೇ ನಿಗದಿಯಾಗಿತ್ತು. ಕಾಳಸಂತೆಯವರು ಅದೇ ಸರಕನ್ನು ಅರ್ಧಕ್ಕಿಂತ ಕಡಿಮೆಗೆ ಮಾರುತ್ತಿದ್ದರು, ಅಷ್ಟೆ. ಈ ಪ್ರಕರಣದ ಉದ್ದಕ್ಕೂ ನಾನು ಕೈಯಲ್ಲಿ ಹಿಡಿದುಕೊಂಡು ಹೋಗುವ ದಾರ ಇದು. ಅಂಗವಿಕಲರ ಪಾಸ್ ದುರ್ಬಳಕೆಯಾಗುವುದು ಜನ ಕೆಟ್ಟುಹೋದ ಕಾಲಕ್ಕಲ್ಲ, ಆ ಪಾಸ್‌ಗೆ ಒಳ್ಳೆಯ ಬೆಲೆ ಬಂದ ಕಾಲಕ್ಕೆ.

ಹಳೆಯ ಕಾರ್ಡ್

ಅದರ ಹೆಸರು ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್. ಪಾರ್ಕ್‌ನ ಬಾಗಿಲ ಬಳಿಯ ಗೆಸ್ಟ್ ರಿಲೇಷನ್ಸ್ ಕಚೇರಿಗೆ ಹೋಗಿ, ತಮಗೋ ಜೊತೆಯಲ್ಲಿದ್ದ ಮಗುವಿಗೋ ಏನು ತೊಂದರೆ ಎಂದು ವಿವರಿಸಿದರೆ ಕಾಗದದ ಕಾರ್ಡೊಂದನ್ನು ಕೊಡುತ್ತಿದ್ದರು. ಎಲ್ಲರಿಗೂ ಒಂದೇ ಸೌಲಭ್ಯವಿರಲಿಲ್ಲ. ಮೆಟ್ಟಿಲು ಹತ್ತಲಾಗದವರಿಗೆ ಬೇರೆ ದಾರಿ, ಬಿಸಿಲು ತಾಳದವರಿಗೆ ನೆರಳಿನ ಜಾಗ, ದೃಷ್ಟಿ ಮಂದವಾದವರಿಗೆ ಮುಂದಿನ ಸಾಲಿನ ಆಸನ, ಮಗುವಿನ ತಳ್ಳುಗಾಡಿಯನ್ನೇ ಗಾಲಿಕುರ್ಚಿಯೆಂದು ಪರಿಗಣಿಸುವ ಅನುಮತಿ, ಹೀಗೆ ಅಗತ್ಯಕ್ಕೆ ತಕ್ಕ ಮುದ್ರೆ ಒತ್ತುತ್ತಿದ್ದರು. ಇವುಗಳಲ್ಲಿ ದುರ್ಬಳಕೆಗೆ ತುತ್ತಾದದ್ದು ಒಂದೇ: ಹೆಚ್ಚು ಹೊತ್ತು ಕಾಯದೆ ಪರ್ಯಾಯ ಬಾಗಿಲಿನಿಂದ, ಸಾಮಾನ್ಯವಾಗಿ ಫಾಸ್ಟ್‌ಪಾಸ್ ಎಂಬ ವೇಗದ ಸಾಲಿನಿಂದ, ಒಳಗೆ ಹೋಗುವ ಅನುಮತಿ. ನೆರಳಿನಲ್ಲಿ ನಿಲ್ಲುವುದಕ್ಕಾಗಿ ಯಾರೂ ಸುಳ್ಳು ಹೇಳಲಿಲ್ಲ.

ಗಾಲಿಕುರ್ಚಿಯ ಕತೆ ಇದಕ್ಕಿಂತ ಹಳೆಯದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದದ್ದು 1955ರಲ್ಲಿ. ಆ ಕಾಲದ ಸಾಲುಗಳು ಕಿರಿದು, ತಿರುವುಗಳು ಇಕ್ಕಟ್ಟು, ಅಲ್ಲಲ್ಲಿ ಮೆಟ್ಟಿಲು. ಗಾಲಿಕುರ್ಚಿ ಅವುಗಳಲ್ಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಅದರಲ್ಲಿ ಕುಳಿತವರನ್ನು ಹೊರಹೋಗುವ ಬಾಗಿಲಿನಿಂದ ಒಳಗೆ ಬಿಡುತ್ತಿದ್ದರು. ಕಟ್ಟಡದ ಕೊರತೆಯನ್ನು ಮುಚ್ಚಿಕೊಳ್ಳುವುದಕ್ಕೆ ಮಾಡಿದ ಏರ್ಪಾಡು ನೋಡುವವರ ಕಣ್ಣಿಗೆ ರಾಜಮರ್ಯಾದೆಯಂತೆ ಕಂಡಿತು. ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತಿತ್ತು. ಗಟ್ಟಿಮುಟ್ಟಾದ ಕಾಲುಳ್ಳವರು ಅದರಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಸುತ್ತಿದ ಕತೆಗಳು ಹೇರಳ. 2001ರಲ್ಲಿ ಪಕ್ಕದಲ್ಲೇ ತೆರೆದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕ್‌ನಲ್ಲಿ ಹೆಚ್ಚಿನ ಸಾಲುಗಳನ್ನು ಗಾಲಿಕುರ್ಚಿ ಹೋಗುವಷ್ಟು ಅಗಲವಾಗಿಯೇ ಕಟ್ಟಿದರು. ಅಲ್ಲಿ ಗಾಲಿಕುರ್ಚಿಯವರೂ ಎಲ್ಲರಂತೆ ಸಾಲಿನಲ್ಲೇ ಬರುತ್ತಾರೆ, ಆದ್ದರಿಂದ ಸುಮ್ಮನೆ ಗಾಲಿಕುರ್ಚಿ ಹತ್ತಿದವನಿಗೆ ಅಲ್ಲಿ ಗಿಟ್ಟುವುದು ಏನೂ ಇಲ್ಲ. ಯಾರನ್ನೂ ತಡೆದು ಕೇಳಲಿಲ್ಲ, ಯಾರ ಕಾಲನ್ನೂ ಪರೀಕ್ಷಿಸಲಿಲ್ಲ. ಸಾಲನ್ನು ಅಗಲ ಮಾಡಿದರು, ಸುಳ್ಳು ತಾನಾಗಿ ಉದುರಿತು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಜಾಣತನದ ಕೆಲಸವೆನಿಸಿದ್ದು ಇದು. ಕಾಂಕ್ರೀಟಿನ ಕೆಲಸವಾದ್ದರಿಂದ ಯಾರೂ ಅದನ್ನು ಹೊಗಳುವುದಿಲ್ಲ.

ಕಣ್ಣಿಗೆ ಕಾಣದ ವೈಕಲ್ಯಕ್ಕೆ ಮಾತ್ರ ಕಾಂಕ್ರೀಟಿನ ಉಪಾಯ ಸಾಲುವುದಿಲ್ಲ. ಆಟಿಸಂ ಇರುವ ಮಗು ಒಂದು ಗಂಟೆ ಗದ್ದಲ, ತಳ್ಳಾಟ, ಮುಚ್ಚಿದ ಗೋಡೆಗಳ ನಡುವೆ ನಿಲ್ಲಲಾರದು. ಸಾಲು ಎಷ್ಟು ಅಗಲವಾದರೂ ಅದು ಸಾಲೇ. ಇಲ್ಲಿ ಕಾರ್ಡ್ ಬೇಕೇ ಬೇಕು. ಕಾರ್ಡ್ ಕೊಡುವವರ ಮುಂದೆ ಇರುವುದಾದರೋ ಕೇಳುವವರ ಮಾತು ಮಾತ್ರ. 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಸಹಿ ಹಾಕಿದ ಅಮೆರಿಕದ ಅಂಗವಿಕಲರ ಕಾಯ್ದೆ, ಅಂದರೆ ಎಡಿಎ, ಸಾರ್ವಜನಿಕರಿಗೆ ಸೇವೆ ಕೊಡುವ ಖಾಸಗಿ ಸಂಸ್ಥೆಗಳು ಅಂಗವಿಕಲರಿಗಾಗಿ ತಮ್ಮ ನಿಯಮಗಳಲ್ಲಿ ಸಮಂಜಸವಾದ ಮಾರ್ಪಾಡು ಮಾಡಿಕೊಳ್ಳಬೇಕೆಂದು ಹೇಳುತ್ತದೆ. ಆ ಮಾರ್ಪಾಡು ಸೇವೆಯ ಮೂಲ ಸ್ವರೂಪವನ್ನೇ ಬದಲಿಸುವಂಥದ್ದಾದರೆ ಮಾತ್ರ ವಿನಾಯಿತಿ. ಅನಗತ್ಯವಾಗಿ ವೈಕಲ್ಯದ ಬಗ್ಗೆ ಕೆದಕಿ ಕೇಳಬಾರದೆಂಬ ತತ್ವವೂ ಅದರ ಜೊತೆಗಿದೆ. ಹೀಗಾಗಿ ವೈದ್ಯರ ಪತ್ರ ಕೇಳುವ ಗೋಜಿಗೆ ಡಿಸ್ನಿ ಹೋಗಲಿಲ್ಲ.

ಮೂರು, ಮೂವತ್ತು

ದುರ್ಬಳಕೆ ಎಂಬ ಒಂದೇ ಮಾತಿನ ಕೆಳಗೆ ನಾಲ್ಕು ಬೇರೆ ಬೇರೆ ನಡವಳಿಕೆಗಳು ಅಡಗಿದ್ದವು. ವೈಕಲ್ಯವೇ ಇಲ್ಲದವನು ಇದೆಯೆಂದು ಹೇಳಿ ಕಾರ್ಡ್ ಪಡೆಯುವುದು ಒಂದು. ಬಾಡಿಗೆಯ ಗೈಡ್ ಎರಡನೆಯದು. ಒಬ್ಬರ ಕಾರ್ಡನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವುದು ಮೂರನೆಯದು. ಹಳೆಯ ಕಾರ್ಡಿನಲ್ಲಿ ಫೋಟೊ ಇರಲಿಲ್ಲವಾದ್ದರಿಂದ ಅದು ಕಷ್ಟದ ಕೆಲಸವೂ ಆಗಿರಲಿಲ್ಲ. ನಾಲ್ಕನೆಯದು ಸುಳ್ಳೇ ಅಲ್ಲ: ನಿಜವಾಗಿಯೂ ವೈಕಲ್ಯವುಳ್ಳ ವ್ಯಕ್ತಿ, ನಿಯಮ ಕೊಟ್ಟ ಅವಕಾಶವನ್ನೇ ಪೂರ್ತಿ ಬಳಸಿಕೊಂಡು, ಇಷ್ಟದ ಆಟವನ್ನು ದಿನಕ್ಕೆ ಎಷ್ಟು ಸಲ ಬೇಕೋ ಅಷ್ಟು ಸಲ ಹತ್ತುವುದು. ಹಳೆಯ ಕಾರ್ಡಿಗೆ ಮಿತಿ ಎಂಬುದೇ ಇರಲಿಲ್ಲ.

ಪತ್ರಿಕೆಗಳಿಗೆ ಎರಡನೆಯದು ರುಚಿಸಿತು. ಆದರೆ ಸಾಲನ್ನು ಉದ್ದ ಮಾಡಿದ್ದು ಯಾವುದು? ಡಿಸ್ನಿಯ ಎಂಜಿನಿಯರುಗಳು 2013ರ ಏಪ್ರಿಲ್‌ನಲ್ಲಿ ಫ್ಲೋರಿಡಾದ ಹಾಲಿವುಡ್ ಸ್ಟುಡಿಯೋಸ್ ಪಾರ್ಕ್‌ನ ಟಾಯ್ ಸ್ಟೋರಿ ಮೇನಿಯಾ ಆಟದಲ್ಲಿ ನಡೆಸಿದ ಅಧ್ಯಯನ ಮುಂದೆ ನ್ಯಾಯಾಲಯದ ಕಡತ ಸೇರಿತು. ಪಾರ್ಕ್‌ಗೆ ಬಂದವರಲ್ಲಿ ಕಾರ್ಡ್ ಇದ್ದವರ ಪಾಲು ಶೇ 3.3. ಆ ಆಟದ ಫಾಸ್ಟ್‌ಪಾಸ್ ಸಾಲಿನಲ್ಲಿ ಅವರ ಪಾಲು ಸುಮಾರು ಶೇ 30.

ಈ ಅಂಕಿಯನ್ನು ಮೋಸದ ಪುರಾವೆಯೆಂದು ಉಲ್ಲೇಖಿಸುವವರಿದ್ದಾರೆ. ಅದು ಮೋಸದ ಪುರಾವೆಯಲ್ಲ. ಆ ಶೇ 3.3ರಲ್ಲಿ ಎಷ್ಟು ಜನ ಸುಳ್ಳು ಹೇಳಿದ್ದರು ಎಂಬುದರ ಸುಳಿವೂ ಅದರಲ್ಲಿಲ್ಲ. ಅಷ್ಟೂ ಜನ ಅಪ್ಪಟ ಪ್ರಾಮಾಣಿಕರಾಗಿದ್ದರೂ ಅಂಕಿ ಹೀಗೆಯೇ ಬರಬಹುದಿತ್ತು, ಏಕೆಂದರೆ ಪ್ರತಿಯೊಂದು ಕಾರ್ಡೂ ಮತ್ತೆ ಮತ್ತೆ ಅದೇ ಬಾಗಿಲಿಗೆ ಬರುತ್ತಿತ್ತು. ಕಳ್ಳರನ್ನೆಲ್ಲ ಹಿಡಿದು ಹೊರಗೆ ಹಾಕಿದರೂ ತೊಂದರೆಯ ದೊಡ್ಡ ಪಾಲು ಹಾಗೆಯೇ ಉಳಿಯುವ ಸಾಧ್ಯತೆಯಿತ್ತು.

ಮೂರು ಜನ ಮೂವತ್ತರಷ್ಟಾದರೆ ಉಳಿದವರಿಗೆ ಏನಾಗುತ್ತದೆ ಎಂಬುದನ್ನು ಎರಡು ಸಾಲುಗಳು ಕೂಡುವ ಜಾಗದಲ್ಲಿ ನಿಂತು ನೋಡಬೇಕು. ಆಟಕ್ಕೆ ಇನ್ನು ಕೆಲವೇ ಮಾರು ಇರುವಾಗ ವೇಗದ ಸಾಲು ಮತ್ತು ಸಾಮಾನ್ಯ ಸಾಲು ಒಂದಾಗುತ್ತವೆ. ಅಲ್ಲಿ ಒಬ್ಬ ಸಿಬ್ಬಂದಿ ನಿಂತಿರುತ್ತಾರೆ. ವೇಗದ ಸಾಲಿನಿಂದ ಒಂದಷ್ಟು ಜನರನ್ನು ಬಿಟ್ಟು, ಕೈ ಅಡ್ಡ ಹಿಡಿದು, ಸಾಮಾನ್ಯ ಸಾಲಿನಿಂದ ಕೆಲವರನ್ನು ಬಿಡುತ್ತಾರೆ. ವೇಗದ ಸಾಲು ತುಂಬಿದಂತೆಲ್ಲ ಈ ಕಡೆಯ ಕೈ ಹೆಚ್ಚು ಹೊತ್ತು ಅಡ್ಡವಾಗಿಯೇ ಇರುತ್ತದೆ. ಒಂದು ಲೆಕ್ಕ ಇಟ್ಟುಕೊಳ್ಳೋಣ. ಆಟ ಗಂಟೆಗೆ 1,000 ಜನರನ್ನು ಹತ್ತಿಸುತ್ತದೆ, ಅದರಲ್ಲಿ 700 ಜನ ವೇಗದ ಸಾಲಿನವರು ಎನ್ನೋಣ. ಸಾಮಾನ್ಯ ಸಾಲಿಗೆ ಉಳಿಯುವುದು 300. ನಿಮ್ಮ ಮುಂದೆ 450 ಜನ ಇದ್ದರೆ ನೀವು 90 ನಿಮಿಷ ಕಾಯುತ್ತೀರಿ. ಈಗ ವೇಗದ ಸಾಲಿಗೆ ಇನ್ನೂ 100 ಜನ ಬಂದರು. ಸಾಮಾನ್ಯ ಸಾಲಿಗೆ ಉಳಿಯುವುದು 200, ಅದೇ 450 ಜನರ ಹಿಂದೆ ನಿಂತ ನಿಮ್ಮ ಕಾಯುವಿಕೆ 135 ನಿಮಿಷ. ಆಟದ ಸಾಮರ್ಥ್ಯದ ಹತ್ತನೇ ಒಂದು ಭಾಗ ಅತ್ತ ಸರಿದದ್ದಕ್ಕೆ ಇತ್ತ ನಿಂತವರ ಕಾಯುವಿಕೆ ಒಂದೂವರೆ ಪಟ್ಟಾಯಿತು. ಇದು ನಾನು ಹಾಕಿದ ಲೆಕ್ಕ. ನ್ಯಾಯಾಲಯದ ಮುಂದೆ ಬಂದ ಲೆಕ್ಕವೂ ಇದೇ ಜಾಯಮಾನದ್ದು: ಅರ್ಜಿದಾರರು ಕೇಳಿದಷ್ಟು ಮುಕ್ತ ಪ್ರವೇಶ ಕೊಟ್ಟರೆ ಟಾಯ್ ಸ್ಟೋರಿ ಮೇನಿಯಾದ ಸಾಮಾನ್ಯ ಸಾಲು 69 ನಿಮಿಷದಿಂದ 108 ನಿಮಿಷಕ್ಕೆ ಏರುತ್ತದೆ ಎಂದು ಡಿಸ್ನಿ ವಾದಿಸಿತು.

ಸಾಮಾನ್ಯ ಸಾಲಿನಲ್ಲಿ ನಿಂತವರಲ್ಲಿ ಕಾರ್ಡ್ ಕೇಳದ ಅಂಗವಿಕಲರೂ ಇರುತ್ತಾರೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೇಗೋ ಒಂದು ಗಂಟೆ ನಿಲ್ಲಬಲ್ಲೆ, ಪಾಸ್ ಇನ್ನೂ ಕಷ್ಟದಲ್ಲಿರುವವರಿಗಿರಲಿ ಎಂದು ಸುಮ್ಮನಿರುವವರು. ಸಾಲು ಎರಡು ಗಂಟೆಗೆ ಬೆಳೆದರೆ ಅವರೂ ಪಾಸ್ ಕೇಳಲೇಬೇಕಾಗುತ್ತದೆ. ಆಗ ಸಾಲು ಇನ್ನಷ್ಟು ಬೆಳೆಯುತ್ತದೆ.

2013ರ ತಿದ್ದುಪಡಿ

2013ರ ಅಕ್ಟೋಬರ್ 9ರಂದು ಹಳೆಯ ಕಾರ್ಡ್ ರದ್ದಾಗಿ ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್, ಚಿಕ್ಕದಾಗಿ ಡಿಎಎಸ್, ಜಾರಿಗೆ ಬಂತು. ಕಾರ್ಡುದಾರರ ಫೋಟೊ ತೆಗೆಯುವುದು ಶುರುವಾಯಿತು. ಅದು ಸಣ್ಣ ಬದಲಾವಣೆ. ದೊಡ್ಡದು ಬೇರೆ: ಡಿಎಎಸ್ ಇದ್ದವರು ಇನ್ನು ನೇರವಾಗಿ ಒಳಗೆ ಹೋಗುವಂತಿಲ್ಲ, ಮರಳಿ ಬರಬೇಕಾದ ಸಮಯವೊಂದನ್ನು ಬರೆಸಿಕೊಳ್ಳಬೇಕು. ಸಾಮಾನ್ಯ ಸಾಲು 60 ನಿಮಿಷವಿದ್ದರೆ ಸುಮಾರು 10 ನಿಮಿಷ ಕಳೆದು 50 ನಿಮಿಷದ ನಂತರದ ಸಮಯ ಸಿಗುತ್ತದೆ. ಅಷ್ಟು ಹೊತ್ತು ಎಲ್ಲಿ ಬೇಕಾದರೂ ಇರಬಹುದು, ನೆರಳಿನಲ್ಲೋ ಊಟದ ಮೇಜಿನಲ್ಲೋ ಶೌಚಾಲಯದ ಹತ್ತಿರವೋ. ಸಮಯ ಬಂದಾಗ ವೇಗದ ಸಾಲಿನಿಂದ ಒಳಗೆ. ಒಂದು ಸಲಕ್ಕೆ ಒಂದೇ ಆಟದ ಸಮಯ ಕೈಯಲ್ಲಿರಬಹುದು.

ಇಲ್ಲಿ ವೈಕಲ್ಯವಿದೆಯೇ ಎಂದು ಪರೀಕ್ಷಿಸುವ ಗೋಜಿಗೆ ಹೋಗದೆ, ಸುಳ್ಳು ಹೇಳಿದರೆ ಸಿಗುವುದು ಎಷ್ಟು ಎಂಬ ಕಡೆಯಿಂದ ಕೈಹಾಕಿದ್ದಾರೆ. ಕಾಯುವ ಹೊತ್ತು ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ, ಕಾಯುವ ಜಾಗ ಮಾತ್ರ ಬೇರೆ. ನಿಲ್ಲಲಾರದವನಿಗೆ ಅಷ್ಟು ಸಾಕು. ಬರಿದೇ ಸಾಲು ತಪ್ಪಿಸಬೇಕೆಂದು ಬಂದವನಿಗೆ ಅಷ್ಟಕ್ಕೆ ಸುಳ್ಳು ಹೇಳುವುದು ಗಿಟ್ಟುವುದಿಲ್ಲ. ಗಂಟೆಗೆ 130 ಡಾಲರ್ ತೆತ್ತು ಬಾಡಿಗೆಗೆ ಕರೆತಂದ ಗೈಡ್‌ನ ಜೊತೆ 50 ನಿಮಿಷ ಬೆಂಚಿನ ಮೇಲೆ ಕೂರಬೇಕೆಂದರೆ ಯಾರು ಕರೆತರುತ್ತಾರೆ?

ಹಾಗೆಂದು ಲಾಭ ಪೂರ್ತಿ ಇಲ್ಲವಾಗಲಿಲ್ಲ. ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವವನು ಇದ್ದೇ ಇರುತ್ತಾನಲ್ಲ. ಒಂದು ಆಟಕ್ಕೆ 50 ನಿಮಿಷದ ಸಮಯ ಬರೆಸಿಕೊಂಡು, ಆ 50 ನಿಮಿಷದಲ್ಲಿ ಪಕ್ಕದ ಆಟದ ಸಾಮಾನ್ಯ ಸಾಲಿನಲ್ಲಿ ನಿಲ್ಲಬಲ್ಲವನು ಏಕಕಾಲಕ್ಕೆ ಎರಡು ಕಡೆ ಕಾದಂತಾಯಿತು. ಇದರಲ್ಲೊಂದು ವಿಪರ್ಯಾಸವಿದೆ. ನಿಜವಾಗಿ ಸಾಲಿನಲ್ಲಿ ನಿಲ್ಲಲಾರದ ಮಗುವಿನ ಕುಟುಂಬಕ್ಕೆ ಈ ಲಾಭ ದಕ್ಕುವುದೇ ಇಲ್ಲ, ಏಕೆಂದರೆ ಅವರು ಪಕ್ಕದ ಸಾಲಿನಲ್ಲೂ ನಿಲ್ಲಲಾರರು. ದಕ್ಕುವುದು ಆರಾಮವಾಗಿ ನಿಲ್ಲಬಲ್ಲವನಿಗೆ. ಅಂದರೆ ವ್ಯವಸ್ಥೆಯಲ್ಲಿ ಉಳಿದ ಈ ಸಂದು ಸುಳ್ಳು ಹೇಳುವವನಿಗೇ ಹೇಳಿ ಮಾಡಿಸಿದಂತಿತ್ತು.

ನ್ಯಾಯಾಲಯದಲ್ಲಿ

ಹೊಸ ವ್ಯವಸ್ಥೆಯ ಪೆಟ್ಟು ಬಿದ್ದದ್ದು ಬಾಡಿಗೆ ಗೈಡ್‌ಗಳಿಗೆ ಮಾತ್ರವಲ್ಲ. 2014ರ ಏಪ್ರಿಲ್‌ನಲ್ಲಿ ಆಟಿಸಂ ಮತ್ತಿತರ ಬೆಳವಣಿಗೆಯ ವೈಕಲ್ಯವುಳ್ಳವರ ಕುಟುಂಬಗಳು ಡಿಸ್ನಿಯ ಮೇಲೆ ದಾವೆ ಹೂಡಿದವು. ಮುಂದೆ ಇಂಥ ಹಲವಾರು ದಾವೆಗಳು ಸಾಲುಗಟ್ಟಿದವು. ವಾದ ಸರಳವಾಗಿತ್ತು. ಕೆಲವರಿಗೆ ಸಾಲಿನ ಜಾಗವಲ್ಲ, ಕಾಯುವುದೇ ಅಸಾಧ್ಯ. ಆಟದ ಬಾಗಿಲಿಗೆ ಬಂದು, ಒಳಗೆ ಹೋಗದೆ, ಆಮೇಲೆ ಬಾ ಎಂದು ಹಿಂತಿರುಗಿಸಿದರೆ ಆಟಿಸಂ ಇರುವವರಲ್ಲಿ ಕೆಲವರು ಅಲ್ಲೇ ಕುಸಿದುಹೋಗುತ್ತಾರೆ. ಇನ್ನು ಕೆಲವರಿಗೆ ಪಾರ್ಕ್ ಸುತ್ತುವ ಕ್ರಮ ನಿಗದಿಯಾಗಿರುತ್ತದೆ: ಮೊದಲು ಈ ಆಟ, ನಂತರ ಅದು. ಗಡಿಯಾರ ಹೇಳಿತೆಂದು ಆ ಕ್ರಮ ಬದಲಿಸಲಾಗದು. ಹಳೆಯ ಕಾರ್ಡ್ ಇವರಿಗೆ ಒದಗಿ ಬಂದಿತ್ತು, ಹೊಸದು ಒದಗುವುದಿಲ್ಲ.

ಎ.ಎಲ್. ಎಂಬ ಮೊದಲಕ್ಷರಗಳಿಂದ ಗುರುತಿಸಲಾದ ಯುವಕನ ಪ್ರಕರಣ ಇವುಗಳಲ್ಲಿ ಮುಖ್ಯವಾದದ್ದು. ಫ್ಲೋರಿಡಾದ ಫೆಡರಲ್ ನ್ಯಾಯಾಧೀಶೆ ಆ್ಯನ್ ಕಾನ್ವೇ 2016ರಲ್ಲಿ ವಿಚಾರಣೆಗೆ ಹೋಗದೆಯೇ ಡಿಸ್ನಿಯ ಪರ ತೀರ್ಪು ಕೊಟ್ಟರು. 2018ರ ಆಗಸ್ಟ್‌ನಲ್ಲಿ 11ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಬದಿಗೊತ್ತಿ, ಇವರಿಗೆ ಬೇರೆ ಮಾರ್ಪಾಡು ಅಗತ್ಯವೇ ಎಂಬುದನ್ನು ಸಾಕ್ಷ್ಯ ಕೇಳಿಯೇ ತೀರ್ಮಾನಿಸಬೇಕೆಂದಿತು. 2020ರ ಫೆಬ್ರುವರಿಯಲ್ಲಿ ವಿಚಾರಣೆ ನಡೆಯಿತು. ಎ.ಎಲ್. ಪರವಾಗಿ ಕೇಳಿದ್ದು ಕಾಯದೆ ಹೋಗುವ 10 ಪ್ರವೇಶಗಳು, ಇಲ್ಲವೇ ಮಿತಿಯಿಲ್ಲದ ಪ್ರವೇಶ. ಈ ಬೇಡಿಕೆ ಅಗತ್ಯವೂ ಅಲ್ಲ, ಸಮಂಜಸವೂ ಅಲ್ಲ, ಇದನ್ನು ಒಪ್ಪಿದರೆ ಪಾರ್ಕ್ ನಡೆಯುವ ರೀತಿಯೇ ಬದಲಾಗುತ್ತದೆ ಎಂದು ಅದೇ ವರ್ಷದ ಜೂನ್‌ನಲ್ಲಿ ಕಾನ್ವೇ ತೀರ್ಪಿತ್ತರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೂ ನ್ಯಾಯಾಲಯದ ತೀರ್ಮಾನ ಸರಿಯೆಂದೇ ನನ್ನ ಅನಿಸಿಕೆ. ಒಬ್ಬರಿಗೆ 10 ಪ್ರವೇಶ ಕೊಟ್ಟರೆ ಆಟವೇನೂ ಕುಸಿಯುವುದಿಲ್ಲ ನಿಜ. ಆದರೆ ಮಾತನ್ನೇ ನಂಬಿ ಕೊಡುವ ವ್ಯವಸ್ಥೆಯಲ್ಲಿ ಅದು ಒಬ್ಬರಿಗೆ ನಿಲ್ಲುವುದಿಲ್ಲ. 10 ಪ್ರವೇಶ ಸಿಗುತ್ತದೆಂದು ಗೊತ್ತಾದ ಮರುದಿನ 10 ಪ್ರವೇಶಕ್ಕೆ ತಕ್ಕ ಕತೆಯೂ ಹುಟ್ಟಿಕೊಳ್ಳುತ್ತದೆ. ಇದಕ್ಕೆ ಹೊರತಾದ ಉದಾಹರಣೆ ಡಿಸ್ನಿಯ ಅಂಗಳದಲ್ಲೇ ಇದೆ. ಮಾರಕ ಕಾಯಿಲೆಯ ಮಕ್ಕಳ ಆಸೆ ಪೂರೈಸುವ ಸಂಸ್ಥೆಗಳ ಮೂಲಕ ಬರುವ ಮಕ್ಕಳಿಗೆ ಬೇರೆಯೇ ಪಾಸ್ ಇದೆ, ಅವರನ್ನು ಕಾಯಿಸುವುದಿಲ್ಲ. ಅದು ದುರ್ಬಳಕೆಯಾಗುವ ಸಂಭವ ಕಡಿಮೆ, ಏಕೆಂದರೆ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಪಾರ್ಕ್‌ನ ಹೊರಗಿನವರು, ವೈದ್ಯರ ಮಾತು ಕೇಳಿಯೇ ಮುಂದುವರಿಯುವವರು, ಮತ್ತು ಸಂಖ್ಯೆ ಬಹಳ ಚಿಕ್ಕದು. ಉದಾರ ಸೌಲಭ್ಯಕ್ಕೆ ಬಿಗಿ ಬಾಗಿಲು, ಸಾಧಾರಣ ಸೌಲಭ್ಯಕ್ಕೆ ಸಡಿಲ ಬಾಗಿಲು: ಈ ಜೋಡಿ ನಡೆಯುತ್ತದೆ. ಹಳೆಯ ಕಾರ್ಡ್ ಉದಾರ ಸೌಲಭ್ಯವನ್ನು ಸಡಿಲ ಬಾಗಿಲಲ್ಲಿ ಇಟ್ಟಿತ್ತು.

ಪಾಸ್‌ಗೆ ಬೆಲೆ ಬಂದದ್ದು

1999ರಿಂದ ಇದ್ದ ಫಾಸ್ಟ್‌ಪಾಸ್ ಎಲ್ಲರಿಗೂ ಉಚಿತವಾಗಿತ್ತು. ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಎಂಬ ಹಣ ಕೊಡುವ ಸೇವೆ ಬಂತು. ವೇಗದ ಸಾಲಿಗೆ ಲೈಟ್ನಿಂಗ್ ಲೇನ್ ಎಂದು ಹೆಸರಾಯಿತು. ಫ್ಲೋರಿಡಾದಲ್ಲಿ ಆರಂಭದ ದರ ಒಬ್ಬರಿಗೆ ದಿನಕ್ಕೆ 15 ಡಾಲರ್. ನಾಲ್ಕು ಜನರ ಕುಟುಂಬ ಐದು ದಿನ ಇದ್ದರೆ 300 ಡಾಲರ್. ಆಮೇಲೆ ದರ ಏರುತ್ತಲೇ ಹೋಯಿತು. 2024ರ ಅಕ್ಟೋಬರ್ ಹೊತ್ತಿಗೆ ಸಮಯ ಗೊತ್ತುಮಾಡದೆಯೇ ವೇಗದ ಸಾಲಿಗೆ ಹೋಗಬಹುದಾದ ಪ್ರೀಮಿಯರ್ ಪಾಸ್ ಬಂದಾಗ, ದುಬಾರಿ ದಿನಗಳಲ್ಲಿ ಒಬ್ಬರಿಗೆ 449 ಡಾಲರ್‌ವರೆಗೆ ನಿಗದಿಯಾಯಿತು.

ಡಿಎಎಸ್ ಮಾತ್ರ ಉಚಿತವಾಗಿಯೇ ಉಳಿಯಿತು, ಉಳಿಯಲೂ ಬೇಕಿತ್ತು. ಆದರೆ ನೆನ್ನೆಯವರೆಗೆ ಎಲ್ಲರಿಗೂ ಪುಕ್ಕಟೆ ಸಿಗುತ್ತಿದ್ದ ಬಾಗಿಲಿಗೆ ಇವತ್ತು ಹಣ ಕೇಳುತ್ತಿದ್ದಾರೆ, ಪಕ್ಕದವನು ಮಾತ್ರ ಹಣ ಕೊಡದೆ ಅದೇ ಬಾಗಿಲಲ್ಲಿ ಹೋಗುತ್ತಿದ್ದಾನೆ ಎಂದಾಗ ಸಾಮಾನ್ಯ ಮನುಷ್ಯನ ತಲೆಯಲ್ಲಿ ಯಾವ ಲೆಕ್ಕ ಓಡುತ್ತದೆಂದು ಹೇಳಬೇಕಾಗಿಲ್ಲ. ಹಣ ಉಳಿಸಲು ಯಾವ ಕಾಯಿಲೆಯ ಹೆಸರು ಹೇಳಬೇಕು ಎಂಬ ಪಾಠ ಹೇಳುವ ವಿಡಿಯೊಗಳೂ ಹರಿದಾಡಿದವು. ಅದೇ ಹೊತ್ತಿಗೆ ಡಿಸ್ನಿ ಡಿಎಎಸ್ ಅನ್ನು ಇನ್ನಷ್ಟು ಸುಲಭಗೊಳಿಸಿತ್ತು. ಮನೆಯಿಂದಲೇ ವಿಡಿಯೊ ಕರೆಯಲ್ಲಿ ನೋಂದಣಿ, ಮರಳಿ ಬರುವ ಸಮಯ ಮೊಬೈಲ್ ಆ್ಯಪ್‌ನಲ್ಲಿ, ಜೊತೆಗೆ ದಿನಕ್ಕೆ ಎರಡು ಆಟಗಳ ಮುಂಗಡ ಕಾಯ್ದಿರಿಸುವಿಕೆ. ಒಂದೊಂದೂ ಒಳ್ಳೆಯ ಸುಧಾರಣೆಯೇ. ಮಾಡಿದ ಸಮಯ ಮಾತ್ರ ಸರಿಯಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಡಿಸ್ನಿ ಹೇಳಿದ ಪ್ರಕಾರ ಡಿಎಎಸ್ ಬಳಸುವ ಸಂದರ್ಶಕರ ಪ್ರಮಾಣ ಐದು ವರ್ಷದಲ್ಲಿ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಇದಕ್ಕೆಲ್ಲ ಸುಳ್ಳೇ ಕಾರಣವೆಂದು ನಾನು ಹೇಳಲಾರೆ. ಆಟಿಸಂ, ಎಡಿಎಚ್‌ಡಿ ಗುರುತಿಸುವಿಕೆ ಹೆಚ್ಚಿದೆ, ಸೌಲಭ್ಯದ ಬಗ್ಗೆ ತಿಳಿವಳಿಕೆ ಹೆಚ್ಚಿದೆ, ನೋಂದಣಿ ಸುಲಭವಾಗಿದೆ. ಮೊದಲು ಉಚಿತ ಫಾಸ್ಟ್‌ಪಾಸ್‌ನಲ್ಲೇ ಹೇಗೋ ದಿನ ತಳ್ಳುತ್ತಿದ್ದ ನಿಜವಾದ ಅಂಗವಿಕಲರು ಅದು ಹೋದ ಮೇಲೆ ಡಿಎಎಸ್ ಕಡೆಗೆ ತಿರುಗಿರಲೇಬೇಕು. ಈ ಕೊನೆಯ ಕಾರಣವೇ ನನಗೆ ತೂಕದ್ದೆನಿಸುತ್ತದೆ.

2024ರ ಬಿಗಿ ಬಾಗಿಲು

ಹೊಸ ನಿಯಮಗಳು ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 2024ರ ಮೇ 20ರಿಂದ, ಡಿಸ್ನಿಲ್ಯಾಂಡ್‌ನಲ್ಲಿ ಜೂನ್ 18ರಿಂದ ಜಾರಿಗೆ ಬಂದವು. ಆಟಿಸಂ ಅಥವಾ ಅದರಂಥ ಬೆಳವಣಿಗೆಯ ವೈಕಲ್ಯದಿಂದಾಗಿ ಸಾಮಾನ್ಯ ಸಾಲಿನಲ್ಲಿ ದೀರ್ಘಕಾಲ ಕಾಯಲಾಗದವರಿಗೆ ಮಾತ್ರ ಡಿಎಎಸ್ ಎಂದಾಯಿತು. ಜೊತೆಗೆ ಬರುವವರು ಸೇರಿ ಗುಂಪು ಸಾಮಾನ್ಯವಾಗಿ ನಾಲ್ವರಿಗೆ ಸೀಮಿತ, ಹಿಂದೆ ಅದು ಆರಿತ್ತು. ನೋಂದಣಿ ವಿಡಿಯೊ ಕರೆಯಲ್ಲಿ, ಅಗತ್ಯಬಿದ್ದರೆ ಹೊರಗಿನ ಸಂಸ್ಥೆಯೊಂದರ ಆರೋಗ್ಯ ವೃತ್ತಿಪರರೂ ಕರೆಗೆ ಸೇರುತ್ತಾರೆ. ಹೇಳಿದ್ದು ಸುಳ್ಳೆಂದು ಕಂಡುಬಂದರೆ ಪಾರ್ಕ್‌ಗಳಿಗೆ ಶಾಶ್ವತವಾಗಿ ಪ್ರವೇಶವಿಲ್ಲ, ಕೊಂಡ ಟಿಕೆಟ್ಟಿನ ಹಣವೂ ವಾಪಸಿಲ್ಲ.

ನಾಲ್ವರ ಮಿತಿ ನನಗೆ ಸಂಪೂರ್ಣ ಒಪ್ಪಿಗೆ. ಪಾಸ್‌ನ ಬೆಲೆಯನ್ನು ಗುಂಪಿನ ಗಾತ್ರ ಗುಣಿಸುತ್ತದೆ. ಶಾಶ್ವತ ನಿಷೇಧದ ಬೆದರಿಕೆಯ ಬಗ್ಗೆ ಅನುಮಾನವಿದೆ. ಅದನ್ನು ಓದಿ ಹೆದರುವವರು ನಿಜ ಹೇಳುತ್ತಿದ್ದೂ ತಮ್ಮ ಮಾತಿನ ಮೇಲೆ ತಮಗೇ ನಂಬಿಕೆಯಿಲ್ಲದ ಸಂಕೋಚದವರು. ಸಲೀಸಾಗಿ ಸುಳ್ಳು ಹೇಳಬಲ್ಲವನು ಅದನ್ನು ಓದುವುದೂ ಇಲ್ಲ.

ಒಪ್ಪಲಾಗದ್ದು ಮೊದಲನೆಯ ನಿಯಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು ಅದು. ನರಮಂಡಲದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರು, ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಿಂದ ಸುಸ್ತಾದವರು, ಎದ್ದು ನಿಂತರೆ ತಲೆಸುತ್ತಿ ಬೀಳುವವರು, ಇವರಲ್ಲಿ ಹೆಚ್ಚಿನವರಿಗೆ ಬೆಳವಣಿಗೆಯ ವೈಕಲ್ಯವಿಲ್ಲ. ಅವರಿಗೆ ಸೂಚಿಸಿದ ಪರ್ಯಾಯಗಳು ಗಾಲಿಕುರ್ಚಿ, ಇಲ್ಲವೇ ಸಾಲಿನಿಂದ ಹೊರಗೆ ಹೋಗಿ ಮತ್ತೆ ಬಂದು ಸೇರುವ ಅವಕಾಶ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಸಾಲಿನ ಒಳಗೆ ನಿಂತು ನೋಡಿ. ಕ್ರೋನ್ಸ್ ಇರುವ ಮಹಿಳೆಯೊಬ್ಬರು ಏಳು ವರ್ಷದ ಮಗುವಿನೊಂದಿಗೆ ಬಂದಿದ್ದಾರೆ ಎನ್ನೋಣ. 40 ನಿಮಿಷ ನಿಂತ ಮೇಲೆ, ಎರಡೂ ಕಡೆ ಕಂಬಿಯಿರುವ, ಇಬ್ಬರು ಪಕ್ಕಪಕ್ಕ ನಿಲ್ಲಲಷ್ಟೇ ಆಗುವ ಓಣಿಯ ನಡುವೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಎರಡು ನಿಮಿಷದ ಗಡುವು. ಹಿಂದೆ ನೂರು ಜನ, ಮುಂದೆ ನೂರು ಜನ. ಮಗುವನ್ನು ಅಲ್ಲೇ ಬಿಡುವಂತಿಲ್ಲ, ಎಳೆದುಕೊಂಡು ಹೋಗಬೇಕು. ಪ್ರತಿ ತಿರುವಿನಲ್ಲೂ ಯಾಕೆಂದು ಹೇಳುತ್ತ ದಾರಿ ಕೇಳಬೇಕು. ಸಿಬ್ಬಂದಿ ಸಿಗುವುದು ಸಾಲಿನ ಎರಡು ತುದಿಗಳಲ್ಲಿ. ಮರಳಿ ಬಂದಾಗ ಅದೇ ನೂರು ಜನರ ಕಣ್ಣೆದುರು ಮುಂದೆ ನುಗ್ಗಬೇಕು. ಈ ಪರ್ಯಾಯ ಅವರಿಗೆ ದಕ್ಕಿದೆ ಎನ್ನಬಹುದೇ?

ರೋಗದ ಹೆಸರು ಕೇಳುವುದಿಲ್ಲ, ಅಗತ್ಯವನ್ನು ಮಾತ್ರ ಕೇಳುತ್ತೇವೆ ಎಂಬುದು ಇಂಥ ಸೇವೆಗಳ ಹಳೆಯ ಮಾತು. ಆದರೆ ಬಾಗಿಲಿಗೆ ಬೆಳವಣಿಗೆಯ ವೈಕಲ್ಯವೆಂಬ ಫಲಕ ಹಾಕಿದ ಮೇಲೆ ಕೇಳುವುದು ರೋಗದ ಹೆಸರಲ್ಲದೆ ಇನ್ನೇನು? ಕಾಯಲಾರೆ ಎಂಬ ಸ್ಥಿತಿ ಒಂದೇ ಆಗಿದ್ದರೂ ಕಾರಣ ಮೆದುಳಿನ ಬೆಳವಣಿಗೆಯದ್ದಾದರೆ ಒಳಗೆ, ಕರುಳಿನದ್ದಾದರೆ ಹೊರಗೆ. ಇದರಿಂದ ಸುಳ್ಳು ನಿಲ್ಲುವುದೂ ಇಲ್ಲ. ಸುಳ್ಳು ಹೇಳುವವನು ಕಾಯಿಲೆಯ ಹೆಸರು ಬದಲಿಸುತ್ತಾನೆ, ಅಷ್ಟೆ. ನಿಜ ಹೇಳುವವನಿಗೆ ಬದಲಿಸಲು ಬೇರೆ ಹೆಸರಿಲ್ಲ. ನಿಯಮದ ವಿರುದ್ಧ ಅಂಗವಿಕಲರು ಸಂಘಟಿತರಾದರು. 2025ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಮೂಹಿಕ ದಾವೆಯೊಂದು ದಾಖಲಾಯಿತು.

ದಾಖಲೆ ಕೇಳುವ ದಾರಿ

ಯೂನಿವರ್ಸಲ್ ಮತ್ತು ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳು ಬೇರೆ ದಾರಿ ಹಿಡಿದಿವೆ. ಐಬಿಸಿಸಿಇಎಸ್ ಎಂಬ ಹೊರಗಿನ ಸಂಸ್ಥೆಯಲ್ಲಿ ಮುಂಚಿತವಾಗಿ ದಾಖಲೆ ಸಲ್ಲಿಸಿ ಕಾರ್ಡ್ ಪಡೆದು ಬರಬೇಕು. ಅನುಕೂಲವಿದೆ: ಬಾಗಿಲಲ್ಲಿ ನಿಂತ ಸಿಬ್ಬಂದಿ ವೈದ್ಯರ ಪಾತ್ರ ವಹಿಸಬೇಕಿಲ್ಲ, ಒಮ್ಮೆ ದಾಖಲೆ ಕೊಟ್ಟರೆ ಆ ವ್ಯವಸ್ಥೆಗೆ ಸೇರಿದ ಹಲವು ಪಾರ್ಕ್‌ಗಳಿಗೆ ನಡೆಯುತ್ತದೆ. ಅನನುಕೂಲಗಳೂ ಕಡಿಮೆಯಲ್ಲ. ವೈದ್ಯರು ಬರೆದುಕೊಡುವುದು ಕಾಯಿಲೆಯ ಹೆಸರನ್ನು. ಆ ವ್ಯಕ್ತಿ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲರೆಂದು ವೈದ್ಯರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಖಾಸಗಿ ಆರೋಗ್ಯ ದಾಖಲೆ ಮೂರನೆಯವರ ಕೈ ಸೇರುತ್ತದೆ. ವೈದ್ಯರ ಭೇಟಿಗೆ ಹಣವಿಲ್ಲದ ಅಂಗವಿಕಲ ಹೊರಗುಳಿಯುತ್ತಾನೆ, ಹಣವುಳ್ಳ ಸುಳ್ಳುಗಾರನಿಗೆ ಪತ್ರ ಸಂಪಾದಿಸುವುದು ಕಷ್ಟವಲ್ಲ. ಯೂನಿವರ್ಸಲ್‌ನಲ್ಲಿ ಸೌಲಭ್ಯದ ಗಾತ್ರ ಮಾತ್ರ ಹದವಾಗಿದೆ. ಸಾಲು 30 ನಿಮಿಷಕ್ಕಿಂತ ಕಡಿಮೆಯಿದ್ದರೆ ಎಕ್ಸ್‌ಪ್ರೆಸ್ ಸಾಲಿಗೆ ನೇರ ಪ್ರವೇಶ, ಹೆಚ್ಚಿದ್ದರೆ ಮರಳಿ ಬರುವ ಸಮಯ. ಅಲ್ಲಿ ದುರ್ಬಳಕೆಗೆ ತಡೆಯಾಗಿದ್ದರೆ ದಾಖಲೆಗಿಂತ ಈ ಹದದ ಪಾಲೇ ದೊಡ್ಡದು ಎಂಬುದು ನನ್ನ ಊಹೆ.

ಏನು ಮಾಡಬಹುದಿತ್ತು

ಪಾಸ್ ಬೇಡಿಕೆ ಮೂರು ಪಟ್ಟಾದಾಗ ಡಿಸ್ನಿಯ ಮುಂದೆ ಎರಡು ತಿರುಪುಗಳಿದ್ದವು. ಒಂದು ಯಾರಿಗೆ ಕೊಡಬೇಕು ಎಂಬುದು, ಇನ್ನೊಂದು ಎಷ್ಟು ಕೊಡಬೇಕು ಎಂಬುದು. 2013ರಲ್ಲಿ ಎರಡನೆಯದನ್ನು ತಿರುಗಿಸಿ ಗೆದ್ದಿದ್ದವರು 2024ರಲ್ಲಿ ಮೊದಲನೆಯದನ್ನು ಹಿಡಿದುಕೊಂಡರು. ಎರಡನೆಯದರಲ್ಲಿ ತಿರುಗಿಸಲು ಇನ್ನೂ ಜಾಗವಿತ್ತು.

ಒಂದೇ ಹೊತ್ತಿನಲ್ಲಿ ಎರಡು ಕಡೆ ಕಾಯುವ ಸಂದನ್ನು ಮುಚ್ಚಬಹುದಿತ್ತು. ಮರಳಿ ಬರುವ ಸಮಯ ಕೈಯಲ್ಲಿರುವಾಗ ಇನ್ನೊಂದು ದೊಡ್ಡ ಆಟದ ಬಾಗಿಲಲ್ಲಿ ಟಿಕೆಟ್ ಸ್ಕ್ಯಾನ್ ಆದರೆ ಮೊದಲನೆಯ ಸಮಯ ಅಷ್ಟು ಹೊತ್ತು ಮುಂದಕ್ಕೆ ಹೋಗುವಂತೆ ಮಾಡಿದರೆ ಸಾಕು. ಸಾಲಿನಲ್ಲಿ ನಿಲ್ಲಲಾರದವರಿಗೆ ಇದರಿಂದ ಏನೂ ನಷ್ಟವಿಲ್ಲ. ಸಾಮಾನ್ಯ ಸಾಲಿನ ಬಾಗಿಲಲ್ಲೂ ಸ್ಕ್ಯಾನರ್ ಇಡಬೇಕಾದೀತು. ಆ ಖರ್ಚು ವಿಡಿಯೊ ಕರೆಗೆ ಆರೋಗ್ಯ ವೃತ್ತಿಪರರನ್ನು ಕೂರಿಸುವುದಕ್ಕಿಂತ ಹೆಚ್ಚೇನಲ್ಲ ಎಂದುಕೊಳ್ಳುತ್ತೇನೆ. ಮುಂಗಡ ಕಾಯ್ದಿರಿಸುವಿಕೆಯನ್ನು ಕೈಬಿಟ್ಟದ್ದು ಸರಿಯಾಯಿತು. ಅದು ಕಾಯಲಾಗದವರ ಅಗತ್ಯವಾಗಿರಲಿಲ್ಲ, ಹಣ ಕೊಟ್ಟು ಕೊಳ್ಳುವವರ ಸೌಲಭ್ಯದ ಪಡಿಯಚ್ಚಾಗಿತ್ತು.

ಮರುಪ್ರವೇಶವನ್ನು ನಿಜವಾಗಿ ಬಳಸುವಂತೆ ಮಾಡಬೇಕಾದರೆ ಸಾಲಿನ ಮಧ್ಯದಲ್ಲೇ ಹೊರಹೋಗುವ ಗೇಟುಗಳು ಬೇಕು. ವೇಗದ ಸಾಲು ಕೂಡುವ ಜಾಗಕ್ಕೇ ಮರಳಿ ಬರುವ ವ್ಯವಸ್ಥೆ ಬೇಕು. ಅದನ್ನು ಪ್ರತಿಸಲ ಬಾಯಿಬಿಟ್ಟು ಬೇಡದೆ ಆ್ಯಪ್‌ನಲ್ಲೇ ಪಡೆಯುವಂತಾಗಬೇಕು. ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನಲ್ಲಿ ಸಾಲುಗಳನ್ನು ಅಗಲ ಮಾಡಿದವರಿಗೆ ಈ ಕೆಲಸ ಹೊಸದಲ್ಲ. ಡಿಎಎಸ್ ನಿರಾಕರಿಸಿದಾಗ ಬೇರೊಬ್ಬರ ಮುಂದೆ ಮೇಲ್ಮನವಿ ಹೇಳಿಕೊಳ್ಳುವ ದಾರಿಯೂ, ಯಾವ ಪರ್ಯಾಯ ಏಕೆ ಸಾಲುತ್ತದೆ ಎಂಬ ಬರಹದ ಉತ್ತರವೂ ಇರಬೇಕು.

ಹಣ ಕೊಟ್ಟವರ ಪಾಲಿನ ಪ್ರಶ್ನೆ ಉಳಿಯಿತು. ಸಾಲುಗಳು ಕೂಡುವ ಜಾಗದಲ್ಲಿ ಅಡ್ಡವಾದ ಕೈ ಯಾರಿಗಾಗಿ ಅಡ್ಡವಾಗಿದೆ? 2013ರ ಶೇ 30ರ ಅಂಕಿ ಸಿಕ್ಕಿದ್ದು ವೇಗದ ಸಾಲು ಎಲ್ಲರಿಗೂ ಉಚಿತವಾಗಿದ್ದಾಗ. ಈಗ ಆ ಸಾಲಿನಲ್ಲಿ ಡಿಎಎಸ್‌ನವರೂ ಇದ್ದಾರೆ, ದಿನದ ಪಾಸ್ ಕೊಂಡವರೂ ಇದ್ದಾರೆ, ದುಬಾರಿ ಪ್ರೀಮಿಯರ್ ಪಾಸ್ ಕೊಂಡವರೂ ಇದ್ದಾರೆ. ಸಾಮಾನ್ಯ ಸಾಲು ಉದ್ದವಾಗಲು ಇವರಲ್ಲಿ ಯಾರ ಪಾಲು ಎಷ್ಟೆಂಬ ಲೆಕ್ಕ ಪ್ರತಿ ಸ್ಕ್ಯಾನ್‌ನೊಂದಿಗೆ ಡಿಸ್ನಿಯ ಕಂಪ್ಯೂಟರಿಗೆ ಸೇರುತ್ತಿದೆ. ಡಿಎಎಸ್ ಬೇಡಿಕೆ ಮೂರು ಪಟ್ಟಾಯಿತೆಂದು ಪ್ರಕಟಿಸಿದ ಸಂಸ್ಥೆ, ಅದೇ ಐದು ವರ್ಷದಲ್ಲಿ ಮಾರಿದ ವೇಗದ ಪಾಸ್‌ಗಳ ಲೆಕ್ಕವನ್ನೂ ಅದರ ಪಕ್ಕದಲ್ಲಿಟ್ಟರೆ ಪಾಸ್ ಕಳೆದುಕೊಂಡವರಿಗೆ ವಾದಿಸಲು ಒಂದು ಆಧಾರ ಸಿಗುತ್ತದೆ.